ಚೊಕ್ಕ ಹಳ್ಳದಲ್ಲಿ ಸಾಲ್ಮನ್ ನಿಲ್ಲುವುದಿಲ್ಲ

ಮಳೆಗಾಲ ಹಿಡಿಯುವ ಮೊದಲು ನಮ್ಮ ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಸೋಗೆ, ಕಸ, ಮುರಿದ ಕೊಂಬೆ ಒಂದೂ ಉಳಿಯಬಾರದು, ನೀರು ಎಲ್ಲಿಯೂ ತಡೆಯದೆ ಹೋಗಬೇಕು. ಹಾಗೆ ಪಳಗಿದ ಕೈಗೆ ಅಮೆರಿಕದ ಸಿಯಾಟಲ್‌ನ ಪೂರ್ವಕ್ಕೆ, ಸ್ನೋಕ್ವಾಲ್ಮಿ ನದಿಗೆ ಸೇರುವ ಒಂದು ಹಳ್ಳದಲ್ಲಿ ಸಿಕ್ಕಿದ್ದು ತದ್ವಿರುದ್ಧದ ಕೆಲಸ: ಸಮುದ್ರದಿಂದ ಮೊಟ್ಟೆಯಿಡಲು ಹತ್ತಿ ಬರುವ ಸಾಲ್ಮನ್ ಮೀನಿಗಾಗಿ, ಬೇರಿನ ಬುಡ ಸಮೇತ ಇಡೀ ಮರಗಳನ್ನು ತಂದು ನೀರಿಗೆ ಅಡ್ಡ ಕೆಡವುವುದು.

ಆ ಹಳ್ಳವನ್ನು ಹಿಂದೆ ಯಾರೋ ಹುಲ್ಲುಗಾವಲಿನ ಅಂಚಿಗೆ ಒತ್ತಿ, ಗೆರೆ ಎಳೆದಂತೆ ನೇರ ಮಾಡಿದ್ದರು. ಹೊಳೆಗೆ ಬಿದ್ದ ಮರಗಳನ್ನು ಎತ್ತಿಹಾಕುವುದು ಮೀನಿಗೆ ಮಾಡುವ ಉಪಕಾರವೆಂದು ಈ ಭಾಗದ ಸರ್ಕಾರಿ ಇಲಾಖೆಗಳೇ 1970ರ ದಶಕದವರೆಗೂ ನಂಬಿದ್ದವು. ಮರ ಹೋಯಿತು, ಅದರ ಹಿಂದೆ ನಿಲ್ಲುತ್ತಿದ್ದ ಹರಳುಕಲ್ಲೂ ಕೊಚ್ಚಿಹೋಯಿತು. ಸಾಲ್ಮನ್ ಮೊಟ್ಟೆಯಿಡುವುದು ಆ ಕಲ್ಲಿನ ಸಂದಿಯಲ್ಲಿ. ಕೊಹೊ ಜಾತಿಯ ಮರಿಯಂತೂ ಸಮುದ್ರಕ್ಕೆ ಇಳಿಯುವ ಮೊದಲು ವರ್ಷಕ್ಕೂ ಹೆಚ್ಚು ಕಾಲ ಸಿಹಿನೀರಿನಲ್ಲೇ ಬೆಳೆಯುತ್ತದೆ. ಬೆರಳುದ್ದದ ಅದಕ್ಕೆ ಚಳಿಗಾಲದ ನೆರೆಯಲ್ಲಿ ಮರೆ ಬೇಕು, ಬೇಸಿಗೆಯಲ್ಲಿ ತಣ್ಣನೆಯ ಮಡು ಬೇಕು. ನಾನು ಕಾಲಿಟ್ಟಾಗ ಆ ಹಳ್ಳದಲ್ಲಿ ಎರಡೂ ಇರಲಿಲ್ಲ.

ಯಂತ್ರ ನೀರಿಗಿಳಿಯಲು ಬೇಸಿಗೆಯ ಕೆಲವು ವಾರಗಳಷ್ಟೇ ಅನುಮತಿ. ಅದಕ್ಕೂ ಮೊದಲು ಮೇಲೆ ಕೆಳಗೆ ಬಲೆ ಕಟ್ಟಿ, ನಡುವೆ ಇರುವ ಮೀನನ್ನೆಲ್ಲ ಹಿಡಿದು, ಗಾಳಿ ಊದುವ ಪಂಪ್ ಹಾಕಿದ ಬಕೆಟ್‌ಗಳಲ್ಲಿ ಸಾಗಿಸಬೇಕು. ಬುಟ್ಟಿಯಲ್ಲಿ ಬಂದ ಕೆಸರಿನೊಳಗೆ ಹುಳದಂಥದ್ದೊಂದು ನುಲಿಯುತ್ತಿತ್ತು. ಎರೆಹುಳವೆಂದುಕೊಂಡು ದಡಕ್ಕೆ ಎಸೆದೆ. ತಂಡದಲ್ಲಿದ್ದ ಮೂಲನಿವಾಸಿ ಬುಡಕಟ್ಟಿನ ಹಿರಿಯ ಮಹಿಳೆಯೊಬ್ಬರು ಏನೂ ಹೇಳದೆ ಹೋಗಿ, ಹುಲ್ಲಿನಲ್ಲಿ ತಡಕಿ, ಅದನ್ನು ತಂದು ಬಕೆಟ್‌ಗೆ ಬಿಟ್ಟರು. ಹಾವಿನಂತೆ ಉದ್ದನೆಯ, ದವಡೆಯಿಲ್ಲದ ಮೀನಾದ ಲ್ಯಾಂಪ್ರೆಯ ಮರಿ. ಕಣ್ಣು ಮೂಡುವ ಮೊದಲು ವರ್ಷಗಟ್ಟಲೆ ಕೆಸರಿನಲ್ಲೇ ಹುದುಗಿರುತ್ತದಂತೆ. ಹರಳುಕಲ್ಲೊಂದೇ ಒಳ್ಳೆಯದು, ಕೆಸರೆಲ್ಲ ಕೆಟ್ಟದ್ದು ಎಂಬ ನನ್ನ ಪಾಠ ಅಂದೇ ಸಡಿಲವಾಯಿತು. ಕೆಸರಿನ ಎರಡು ಮೂಲೆಗಳನ್ನು ಮುಟ್ಟದೆ ಬಿಟ್ಟೆವು.

ಮರ ಇಡುವುದರಲ್ಲಿ ಬುದ್ಧಿ ಇರುವುದು ಬೇರಿನಲ್ಲಿ. ಬೇರಿನ ಬುಡವನ್ನು ಮೇಲ್ಗಡೆಗೆ, ಹರಿವಿಗೆ ಎದುರಾಗಿ ತಿರುಗಿಸಿ, ಕಾಂಡವನ್ನು ದಡದೊಳಗೆ ಹೂತು, ಮೇಲೆ ಇನ್ನೊಂದು ಮರ ಹೇರುತ್ತಿದ್ದೆವು. ನೀರು ಬೇರಿಗೆ ಬಡಿದು ಕೆಳಕ್ಕೆ ತಿರುಗಿ ತಳ ಕೊರೆಯುತ್ತದೆ. ಮಡು ತೋಡುವ ಕೂಲಿ ನೀರಿನದ್ದೇ. ಮೊದಲ ನೆರೆಯಲ್ಲಿ ಒಂದು ಮರ ತಾನೇ ಅರ್ಧ ಸುತ್ತು ತಿರುಗಿ ನಾವಿಟ್ಟಿದ್ದಕ್ಕಿಂತ ಚೆನ್ನಾಗಿ ಕುಳಿತಿತು. ಇನ್ನೊಂದು ಕೆಳಗೆ ಎಲ್ಲಿಗೆ ಹೋಯಿತೋ, ಸಿಗಲೇ ಇಲ್ಲ.

ನನ್ನ ಮಾನ ಹೋದದ್ದು ವಿಲ್ಲೋ ಎಂಬ ಹೊಳೆದಂಡೆಯ ಮರದ ಗೂಟಗಳಲ್ಲಿ. ಎಲೆ ಉದುರಿದ ಕಾಲದಲ್ಲಿ ಕೊಂಬೆ ಕತ್ತರಿಸಿ ಒದ್ದೆ ದಡಕ್ಕೆ ಊರಿದರೆ ಬೇರು ಬಿಟ್ಟು, ನೀರಿಗೆ ನೆರಳು ಕೊಡುತ್ತದೆ. ಊರಿನಲ್ಲಿ ಬೇಲಿಗೆ ಗೊಬ್ಬರದ ಗಿಡದ ಗೂಟ ಊರಿದವನಿಗೆ ಇದನ್ನು ಯಾರು ಕಲಿಸಬೇಕು ಎಂಬ ಗತ್ತಿನಲ್ಲಿ, ಕಂತೆಯಲ್ಲಿ ಯಾವ ತುದಿ ಮೇಲೆಂದು ನೋಡದೆ ಹೊಡೆದೆ. ವಸಂತದಲ್ಲಿ ನನ್ನ ಸಾಲಿನ ಅರ್ಧ ಒಣಕಲು ಕೋಲು. ಮೊಗ್ಗು ನೆಲದ ಕಡೆ ಮುಖ ಮಾಡಿ ಸತ್ತಿದ್ದವು. ಈಗ ಕತ್ತರಿಸುವಾಗಲೇ ಬುಡವನ್ನು ಓರೆಯಾಗಿ, ತಲೆಯನ್ನು ಸಪಾಟಾಗಿ ಕೊಯ್ಯುತ್ತೇನೆ.

ಮರ, ಗೂಟಗಳಿಂದ ಆಗದ್ದೂ ಇದೆ. ಟೈರ್ ಸವೆದ ಪುಡಿಯಿಂದ ಹುಟ್ಟುವ ಒಂದು ರಾಸಾಯನಿಕ ಮಳೆನೀರಿನ ಜೊತೆ ಹೊಳೆಗಿಳಿದು, ಕೊಹೊಗಳನ್ನು ಮೊಟ್ಟೆಯಿಡುವ ಮೊದಲೇ ಕೊಲ್ಲುತ್ತದೆ ಎಂದು ವಿಜ್ಞಾನಿಗಳು ಪತ್ತೆ ಹಚ್ಚಿದ್ದು 2020ರಲ್ಲಿ. ರಸ್ತೆಯ ಮೋರಿಗಳು ಇನ್ನೊಂದು ತೊಡಕು. ಕೆಳತುದಿ ಹಳ್ಳಕ್ಕಿಂತ ಎತ್ತರದಲ್ಲಿದ್ದರೆ ಮೀನು ಹತ್ತಲಾರದು. ಮೀನಿಗೆ ತಡೆಯಾದ ಮೋರಿಗಳನ್ನು ವಾಷಿಂಗ್ಟನ್ ರಾಜ್ಯ ಸರಿಪಡಿಸಲೇಬೇಕೆಂದು ಬುಡಕಟ್ಟುಗಳು ಪಡೆದ ಆದೇಶ 2018ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲೂ ಊರ್ಜಿತವಾಯಿತು. ಮುಂಗಾರಿನ ಮೊದಲ ಮಳೆಗೆ ಹೊಳೆಯಿಂದ ಗದ್ದೆಗೆ ಹತ್ತುವ ಮೀನು ನೋಡಿ ಬೆಳೆದ ಮಲೆನಾಡಿನವರಿಗೆ ಮೋರಿಯ ಮಹಿಮೆ ವಿವರಿಸಬೇಕಿಲ್ಲ.

ಕೊಹೊಗೆ ಸಾಮಾನ್ಯವಾಗಿ ಮೂರು ವರ್ಷದ ಸುತ್ತು; ಹಾಗಾಗಿ ಫಲ ಬೇಗ ಕಾಣುವುದಿಲ್ಲ. ಅಪ್ಪನಿಗೆ ಫೋಟೊ ಕಳುಹಿಸಿದ್ದೆ. 'ಇಷ್ಟು ಕಸ ಬಿದ್ದಿದೆ, ಯಾರೂ ಎತ್ತುವುದಿಲ್ಲವೇನೋ?' ಎಂದು ಕೇಳಿದರು. ನಾಲ್ಕನೆಯ ನವೆಂಬರಿನಲ್ಲಿ, ಜಿನುಗು ಮಳೆಯಲ್ಲಿ, ಆ ಕಸದ ಕೆಳಗಡೆಯೇ ಒಂದು ಹೆಣ್ಣು ಕೊಹೊ ಓರೆಯಾಗಿ ಮಲಗಿ ಬಾಲ ಬಡಿಯುತ್ತಿತ್ತು. ಪ್ರತಿ ಬಡಿತಕ್ಕೂ ಪಾಚಿ ಕಟ್ಟಿದ ಕಲ್ಲು ಎದ್ದು, ಅಡಿಯ ಬಿಳಿ ಕಲ್ಲು ಕಾಣುತ್ತಿತ್ತು. ಬಾಲದ ತುದಿ ಸವೆದು ಬಿಳಿಚಿತ್ತು. ಅದು ಬೆದರದಂತೆ ಹಿಂದಕ್ಕೆ ಸರಿದು, ದಡದ ವಿಲ್ಲೋ ಕೊಂಬೆಗೆ ನೀಲಿ ಪಟ್ಟಿ ಕಟ್ಟಿ ದಿನಾಂಕ ಬರೆದೆ. ಗೂಟ ಬದುಕಿದ್ದ ಸಾಲಿನದೇ ಕೊಂಬೆ ಅದು.