ಜರ್ಮನ್ ಪರೀಕ್ಷೆಗೆ ಓದೋದು ಹೇಗೆ? ಪದಪಟ್ಟಿ ಬದಿಗಿಡಿ, 'ಡೇರ್, ಡೀ, ಡಾಸ್' ಹಿಡಿಯಿರಿ

ಹೈಸ್ಕೂಲಿನಲ್ಲಿ ಜರ್ಮನ್ ತಗೊಂಡ ಮಕ್ಕಳು ಪರೀಕ್ಷೆ ಹತ್ತಿರ ಬಂದಾಗ ಪದಗಳ ಉದ್ದ ಪಟ್ಟಿ ಹಿಡಿದು ಉರು ಹೊಡೆಯುತ್ತಾರೆ. 'ಟಿಶ್' ಅಂದ್ರೆ ಮೇಜು, 'ಬೂಖ್' ಅಂದ್ರೆ ಪುಸ್ತಕ. ಅರ್ಥವೇನೋ ಬರುತ್ತದೆ, ವಾಕ್ಯ ಬರುವುದಿಲ್ಲ. ಅಂಕ ಸೋರುವುದು ಅಲ್ಲೇ.

ಮೊದಲ ಹೆಜ್ಜೆ: ಹಳೆಯ ಪ್ರಶ್ನೆಪತ್ರಿಕೆ ನೋಡಿ, ಯಾವ ಭಾಗಕ್ಕೆ ಎಷ್ಟು ಅಂಕ ಅಂತ ಬರೆದುಕೊಳ್ಳಿ. ಅಷ್ಟು ಸಾಕು, ಟೈಮ್‌ಟೇಬಲ್‌ಗೆ ಬಣ್ಣ ಹಚ್ಚುತ್ತಾ ಕೂರಬೇಡಿ.

ಎರಡನೆಯದು, ನಾಮಪದದ ನೋಟ್‌ಬುಕ್. ಜರ್ಮನ್‌ನಲ್ಲಿ ನಾಮಪದದ ಹಿಂದೆ ಲಿಂಗ ತೋರಿಸುವ ಪುಟ್ಟ ಪದವೊಂದು ಇರುತ್ತದೆ: ಡೇರ್ ಪುಲ್ಲಿಂಗ, ಡೀ ಸ್ತ್ರೀಲಿಂಗ, ಡಾಸ್ ನಪುಂಸಕ, ಬಹುವಚನಕ್ಕೆ ಎಲ್ಲದಕ್ಕೂ ಡೀ. 'ಟಿಶ್' ಅಂತ ಮಾತ್ರ ಬರೆಯಬೇಡಿ, 'ಡೇರ್ ಟಿಶ್, ಡೀ ಟಿಶೆ' ಅಂತ ಲಿಂಗ, ಬಹುವಚನ ಎರಡನ್ನೂ ಸೇರಿಸಿ ಬರೆಯಿರಿ. ಡೇರ್ ನೀಲಿ, ಡೀ ಕೆಂಪು, ಡಾಸ್ ಹಸಿರು, ಮೂರು ಪೆನ್ನು ಬೇಕೇ ಬೇಕು. ಆ್ಯಪ್‌ನಲ್ಲಿ ಬೆರಳಾಡಿಸಿದರೆ ಇದು ಕೈಗೆ ಹತ್ತುವುದಿಲ್ಲ. ಅರ್ಥ ನೋಡಿ ಲಿಂಗ ಊಹಿಸಲೂ ಹೋಗಬೇಡಿ: ಹುಡುಗಿ 'ಡಾಸ್ ಮೇಡ್‌ಶೆನ್', ಅಂದರೆ ನಪುಂಸಕ! '-ಶೆನ್' ಪ್ರತ್ಯಯ ಬಂದರೆ ಡಾಸ್, '-ಉಂಗ್', '-ಹೈಟ್', '-ಕೈಟ್' ಪ್ರತ್ಯಯ ಬಂದರೆ ಡೀ. ಎರಡು ಪದ ಕೂಡಿದ್ದರೆ ಕೊನೆಯ ಪದದ್ದೇ ಲಿಂಗ.

ಈಗ ಎಲ್ಲರೂ ಮುಗ್ಗರಿಸುವ ಜಾಗ, ವಿಭಕ್ತಿ. ವಿಭಕ್ತಿಗೆ ತಕ್ಕಂತೆ ಡೇರ್, ಡೀ, ಡಾಸ್ ಹೇಗೆ ಬದಲಾಗುತ್ತವೆ ಅನ್ನುವ ಹದಿನಾರು ಮನೆಗಳ ಕೋಷ್ಟಕವನ್ನು ಬಾಯಿಪಾಠ ಮಾಡಿದವರು ಪರೀಕ್ಷೆಯಲ್ಲಿ ಆ ಕೋಷ್ಟಕವನ್ನು ಮೂಲೆಯಲ್ಲಿ ಬರೆದು, ಕೆಳಗೆ ತಪ್ಪು ವಾಕ್ಯ ಬರೆಯುತ್ತಾರೆ! ಕೋಷ್ಟಕ ಬಿಡಿ, ಇಷ್ಟು ಹಿಡಿಯಿರಿ. ದ್ವಿತೀಯಾದಲ್ಲಿ ಬದಲಾಗುವುದು ಪುಲ್ಲಿಂಗ ಒಂದೇ, ಡೇರ್ ಹೋಗಿ ಡೇನ್. ಚತುರ್ಥಿಯಲ್ಲಿ ಡೇರ್, ಡಾಸ್ ಎರಡೂ ಡೇಮ್ ಆಗುತ್ತವೆ, ಡೀ ಇದ್ದದ್ದು ಡೇರ್ ಆಗುತ್ತದೆ, ಬಹುವಚನ ಡೇನ್. ಹಾಗಾಗಿ 'ಮಿಟ್ ಡೇರ್ ಲಾಂಪೆ' (ದೀಪದ ಜೊತೆ) ಕಂಡ ಕೂಡಲೇ ದೀಪ ಪುಲ್ಲಿಂಗ ಅಂದುಕೊಳ್ಳಬೇಡಿ. 'ಮಿಟ್', 'ಔಸ್', 'ಬೈ', 'ನಾಖ್', 'ಫಾನ್', 'ಟ್ಸೂ' ನಾಮಪದದ ಹಿಂದೆ ಬಂದರೆ ಚತುರ್ಥಿ. 'ಫ್ಯೂರ್', 'ಓನೆ', 'ಡುರ್ಶ್', 'ಗೇಗೆನ್', 'ಉಮ್' ಬಂದರೆ ದ್ವಿತೀಯಾ.

ತಲೆನೋವು 'ಔಫ್' (ಮೇಲೆ), 'ಇನ್' (ಒಳಗೆ) ಅಂಥವು. ನಾವು ಪುಸ್ತಕ ಮೇಜಿನ ಮೇಲೆ ಇಟ್ಟೆ ಅಂತಲೂ ಹೇಳುತ್ತೇವೆ, ಮೇಜಿನ ಮೇಲೆ ಇದೆ ಅಂತಲೂ ಹೇಳುತ್ತೇವೆ, 'ಮೇಲೆ'ಗೆ ಏನೂ ಆಗುವುದಿಲ್ಲ. ಜರ್ಮನ್‌ನಲ್ಲಿ ಇಡುವಾಗ 'ಔಫ್ ಡೇನ್ ಟಿಶ್', ಇರುವಾಗ 'ಔಫ್ ಡೇಮ್ ಟಿಶ್'. ಎಲ್ಲಿಗೆ ಅಂತ ಕೇಳಬಹುದಾದರೆ ದ್ವಿತೀಯಾ, ಎಲ್ಲಿ ಅಂತ ಕೇಳಬಹುದಾದರೆ ಚತುರ್ಥಿ. ದಿನಾ ಮನೆಯ ನಾಲ್ಕು ವಸ್ತು ಹಿಡಿದು ಎರಡೂ ಬಗೆಯಲ್ಲಿ ವಾಕ್ಯ ಬರೆಯಿರಿ. ಬೇಜಾರಾಗುತ್ತೆ, ಆದರೂ ಬರೆಯಿರಿ.

ವಾಕ್ಯದ ಕ್ರಮ ಇದಕ್ಕಿಂತ ಸಲೀಸು. ಸಾದಾ ವಾಕ್ಯದಲ್ಲಿ ಕ್ರಿಯಾಪದ ಎರಡನೇ ಸ್ಥಾನದಲ್ಲಿ, 'ವೈಲ್' (ಯಾಕಂದ್ರೆ) ಬಂದರೆ ಆ ಭಾಗದ ಕೊನೆಯಲ್ಲಿ. ಕೊನೆಗೆ ಕ್ರಿಯಾಪದ ಇಡುವುದು ಕನ್ನಡದವರಿಗೆ ಹೊಸದೇನಲ್ಲ ಅಲ್ವಾ?

ಪತ್ರಕ್ಕೆ ಗೈಡಿನ ರೆಡಿಮೇಡ್ ಪ್ಯಾರಾ ಬೇಡ. ಪ್ರಶ್ನೆ ಸ್ವಲ್ಪ ತಿರುಗಿದರೂ ಕೈಕೊಡುತ್ತದೆ. ಕಂಪ್ಯೂಟರ್ ಅನುವಾದವೂ ಬೇಡ, ಕ್ಲಾಸಿನಲ್ಲಿ ಕಲಿಸದ ವ್ಯಾಕರಣ ಒಮ್ಮೆಗೇ ಕಂಡರೆ ಮೇಷ್ಟ್ರಿಗೆ ಗೊತ್ತಾಗದೇ ಇರುತ್ತದೆಯೇ? ಗೆಳೆಯರಿಗೆ 'ಡೂ' (ನೀನು), ದೊಡ್ಡವರಿಗೆ, ಕಚೇರಿಗೆ 'ಜೀ' (ತಾವು). ಒಂದೇ ಪತ್ರದಲ್ಲಿ ಎರಡನ್ನೂ ಬೆರೆಸಬೇಡಿ. ನಾಮಪದದ ಮೊದಲ ಅಕ್ಷರ ಯಾವಾಗಲೂ ದೊಡ್ಡದು. ಕೊನೆಯ ಐದು ನಿಮಿಷ ಅದನ್ನು ತಿದ್ದುವುದಕ್ಕೇ ಇಟ್ಟುಕೊಳ್ಳಿ.

ಮೌಖಿಕಕ್ಕೆ ನಿಮ್ಮ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ. ಪ್ರಶ್ನೆ ಅರ್ಥವಾಗದಿದ್ದರೆ ಸುಮ್ನೆ ತಲೆಯಾಡಿಸಬೇಡಿ, 'ಕ್ಯೋನೆನ್ ಜೀ ಡಾಸ್ ಬಿಟ್ಟೆ ವೀಡರ್‌ಹೋಲೆನ್?' ಅಂತ ಕೇಳಿ. ಇನ್ನೊಮ್ಮೆ ಹೇಳುತ್ತೀರಾ ಅಂತ ಜರ್ಮನ್‌ನಲ್ಲೇ ಕೇಳಿದ ಹಾಗಾಯಿತು, ಯೋಚಿಸುವುದಕ್ಕೂ ಒಂದು ಗಳಿಗೆ ಸಿಕ್ಕಿತು.