ಮೆಕ್ಕೆಜೋಳ ಮುಗಿದ ಮೇಲೆ ಪಂಪು, ಕೂರಿಗೆ, ಕುಂಟೆ ಎತ್ತಿಡುವ ಮುನ್ನ

ದಾವಣಗೆರೆ, ಹರಿಹರ, ಜಗಳೂರು ಕಡೆ ಮೆಕ್ಕೆಜೋಳ ಮುರಿದು ರಾಶಿ ಮಾಡುವ ಹೊತ್ತಿಗೆ ಸಾಮಾನೆಲ್ಲ ಕೊಟ್ಟಿಗೆಯ ಮೂಲೆ ಸೇರಿರುತ್ತದೆ. ಹೊಲದಲ್ಲಿ ಸವೆಯುವುದಕ್ಕಿಂತ ಆ ಮೂಲೆಯಲ್ಲಿ ಹಾಳಾಗುವುದೇ ಹೆಚ್ಚು.

ಮೊದಲು ಎಣ್ಣೆ, ಅಂದರೆ ಬೆಳೆಗೆ ಔಷಧಿ, ಹೊಡೆಯುವ ಪಂಪು. ಕಳೆನಾಶಕ ಹಾಕಿದ ಪಂಪನ್ನು ಬರೀ ನೀರಲ್ಲಿ ಜಾಲಿಸಿದರೆ ಸಾಲದು. ಮೆಕ್ಕೆಜೋಳಕ್ಕೆ 2,4-ಡಿ ಎಂಬ ಕಳೆನಾಶಕ ಹೊಡೆದ ಪಂಪನ್ನೇ ಹತ್ತಿ ಹೊಲಕ್ಕೆ ಒಯ್ದರೆ ಪೈಪಿನಲ್ಲಿ ಉಳಿದ ಚೂರೇ ಸಾಕು, ಹತ್ತಿ ಎಲೆ ಬೆಂಡೆ ಎಲೆಯ ಹಾಗೆ ಬೆರಳು ಬೆರಳಾಗಿ ಸೀಳುತ್ತದೆ. ಕೈಗವಸು ಹಾಕಿಕೊಂಡು ಟ್ಯಾಂಕು ಖಾಲಿ ಮಾಡಿ, ಶುದ್ಧ ನೀರು ತುಂಬಿ ಗನ್ನಿನಿಂದ ಹೊರಗೆ ಹೊಡೆಯಿರಿ. ಆಮೇಲೆ 10 ಲೀಟರ್ ನೀರಿಗೆ 50 ಗ್ರಾಂ ವಾಷಿಂಗ್ ಸೋಡಾ ಕರಗಿಸಿ ಹಾಕಿ, ಪೈಪು ತುಂಬುವಷ್ಟು ಓಡಿಸಿ, ರಾತ್ರಿಯಿಡೀ ಬಿಡಿ. ಬೆಳಗ್ಗೆ ಅದನ್ನು ಹೊರಹಾಕಿ ಇನ್ನೂ ಮೂರು ಸಲ ಬರೀ ನೀರು. ತೊಳೆದ ನೀರು ಬಾವಿ, ಹಳ್ಳ, ದನ ಕುಡಿಯುವ ಬಾನಿಯ ಹತ್ತಿರ ಹೋಗಬಾರದು. ಇಷ್ಟು ಗೋಳು ಯಾಕೆ ಅನ್ನುವವರು ಕಳೆನಾಶಕಕ್ಕೆಂದೇ ಒಂದು ಪಂಪು ಬೇರೆ ಇಟ್ಟು, ಗುರುತಿಗೆ ಕೆಂಪು ಬಣ್ಣ ಬಳಿಯಲಿ. ನಮ್ಮನ್ನು ಕೇಳಿದರೆ ಅದೇ ಸರಿ.

ನಾಜಲ್, ಅಂದರೆ ಹನಿ ಹೊರಬರುವ ಮೂತಿ, ಕಟ್ಟಿದ್ದರೆ ತಂತಿ ಚುಚ್ಚಬೇಡಿ. ತೂತು ಅಗಲವಾಗಿ ಹನಿ ದಪ್ಪಗಾಗುತ್ತದೆ. ಬಾಯಿಂದ ಊದುವುದಂತೂ ಬೇಡವೇ ಬೇಡ. ನೀರಲ್ಲಿ ನೆನೆಸಿ ಹಳೇ ಹಲ್ಲುಜ್ಜುವ ಬ್ರಶ್ಶಿನಿಂದ ಉಜ್ಜಿ. ಬ್ಯಾಟರಿ ಪಂಪಾದರೆ ಅದರ ಬ್ಯಾಟರಿ ಸಾಮಾನ್ಯವಾಗಿ 12 ವೋಲ್ಟಿನ ಲೆಡ್ ಆಸಿಡ್ ಆಗಿರುತ್ತದೆ. ಖಾಲಿ ಇಟ್ಟರೆ ಒಳಗಿನ ಪ್ಲೇಟಿಗೆ ಸಲ್ಫೇಟ್ ಗಟ್ಟಿ ಕಟ್ಟಿ ಮುಂಗಾರಿಗೆ ಏಳುವುದೇ ಇಲ್ಲ. ಪೂರ್ತಿ ಚಾರ್ಜ್ ಮಾಡಿ, ವೈರು ಬಿಚ್ಚಿಡಿ, ತಿಂಗಳಿಗೊಮ್ಮೆ ಚಾರ್ಜಿಗೆ ಹಾಕಿ. ಮೀಟರಿನಲ್ಲಿ 12.4 ವೋಲ್ಟಿಗಿಂತ ಕೆಳಗೆ ತೋರಿಸಿದರೆ ತಿಂಗಳವರೆಗೆ ಕಾಯಬೇಡಿ.

ಬೀಜ ಬಿತ್ತುವ ಟ್ರ್ಯಾಕ್ಟರ್ ಕೂರಿಗೆಯ ಗೊಬ್ಬರದ ಪೆಟ್ಟಿಗೆಯಲ್ಲಿ ಒಂದು ಹಿಡಿ ಡಿಎಪಿ ಉಳಿದರೂ ಗಾಳಿಯ ತೇವ ಎಳೆದುಕೊಂಡು ತಗಡು ತಿನ್ನುತ್ತದೆ, ರೋಲರ್ ಕಚ್ಚಿಕೊಳ್ಳುತ್ತದೆ. ಪೂರ್ತಿ ಖಾಲಿ ಮಾಡಿ ತೊಳೆದು, ಬಿಸಿಲಿಗೊಣಗಿಸಿ, ಎಣ್ಣೆ ಸವರಿ. ಬೀಜದ ಪೆಟ್ಟಿಗೆಗೆ ಎಣ್ಣೆ ಬೇಡ, ಧೂಳು ಮೆತ್ತಿಕೊಂಡು ಬೀಜ ಸರಾಗವಾಗಿ ಬೀಳದು; ಬ್ರಶ್ ಸಾಕು. ಪೈಪುಗಳನ್ನು ಬಿಚ್ಚಿ ಇಲಿಗೆ ಸಿಗದಂತೆ ತೂಗುಹಾಕಿ.

ಹಿರಿಯೂರು ಕಡೆಯ ಎರೆಮಣ್ಣು ಕುಂಟೆಯ ಕುಡಕ್ಕೆ (ಕಬ್ಬಿಣದ ಅಲಗಿಗೆ) ಅಂಟಿ ಒಣಗಿದರೆ ಕೆರೆಯುವುದು ಕಷ್ಟ, ಅಡಿಯಲ್ಲಿ ತೇವ ಕೂತು ತುಕ್ಕು ಹಿಡಿಯುತ್ತದೆ. ಹಸಿ ಇರುವಾಗಲೇ ಕೆರೆದು ತೊಳೆದು ಒಣಗಿಸಿ, ಹಳೇ ಇಂಜಿನ್ ಆಯಿಲ್ ತೆಳ್ಳಗೆ ಸವರಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಗೊಬ್ಬರದ ಚೀಲಗಳ ಪಕ್ಕ ಮಾತ್ರ ಬೇಡ.

ಗುದ್ದಲಿ, ಸಲಿಕೆಗಳ ಮರದ ಕಾವಿಗೆ ಅಗಸೆ ಎಣ್ಣೆ ಉಜ್ಜಿ. ಉಜ್ಜಿದ ಬಟ್ಟೆಯನ್ನು ಮುದ್ದೆ ಮಾಡಿ ಸೊಪ್ಪೆ ಬಣವೆ ಹತ್ತಿರ ಎಸೆಯಬೇಡಿ, ತಾನೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಬಯಲಲ್ಲಿ ಹರವಿ ಒಣಗಿಸಿ.