ಮನೆಯ ಕಾರು ಕೆಲಸಕ್ಕೆ ಇಂಪ್ಯಾಕ್ಟ್ ರೆಂಚ್: ನಾನು ಆರಿಸಿದ್ದು ಹೀಗೆ

ಉಡುಪಿ ಕಡೆ ಕಾರು ಇಟ್ಟುಕೊಂಡವರಿಗೆ ತುಕ್ಕಿನ ಬಗ್ಗೆ ಹೇಳಿಕೊಡಬೇಕಾಗಿಲ್ಲ. ನಾಲ್ಕು ತಿಂಗಳು ಮಳೆ, ಉಳಿದ ಎಂಟು ತಿಂಗಳು ಉಪ್ಪು ಗಾಳಿ. ಮೇಲೆ ಪೇಂಟ್ ಹೊಳೆಯುತ್ತಿದ್ದರೂ ಕೆಳಗೆ ಬಗ್ಗಿ ನೋಡಿದರೆ ಸಸ್ಪೆನ್ಷನ್ ಬೋಲ್ಟುಗಳೆಲ್ಲ ಕೆಂಪಗೆ. ನಮ್ಮ ಮನೆಯಲ್ಲಿ ಒಂದು ಹಳೆಯ ಸ್ವಿಫ್ಟ್, ಒಂದು ಐ10 ಇವೆ. ಬ್ರೇಕ್ ಪ್ಯಾಡ್, ಲಿಂಕ್ ರಾಡ್, ಶಾಕ್ ಅಬ್ಸಾರ್ಬರ್ ಇಷ್ಟನ್ನು ನಾನೇ ಬದಲಾಯಿಸುತ್ತೇನೆ. ಹೊಸ ಪಾರ್ಟ್ ಕೂರಿಸುವುದು ಬೇಗ ಆಗುತ್ತದೆ. ಹಳೆಯದನ್ನು ಬಿಚ್ಚುವುದರಲ್ಲೇ ಅರ್ಧ ದಿನ ಹೋಗುತ್ತದೆ. ಹಾಗಾಗಿ ಇಂಪ್ಯಾಕ್ಟ್ ರೆಂಚ್, ಅಂದರೆ ನಟ್ಟು ಬೋಲ್ಟುಗಳನ್ನು ಪೆಟ್ಟಿನ ಬಲದಿಂದ ತಿರುಗಿಸುವ ಮಿಷಿನ್, ತೆಗೆದುಕೊಳ್ಳಬೇಕು ಅನ್ನಿಸಿದಾಗ ನಾನು ಹುಡುಕಿದ್ದು ಬಿಚ್ಚುವ ಮಿಷಿನ್ನನ್ನು. ಬಿಗಿಯುವ ಕೆಲಸ ಕೈಗೇ ಬಿಟ್ಟಿದ್ದೆ.

ಮೊದಲು ಮಾಡಿದ್ದು, ನಾನು ಮುಟ್ಟುವ ಬೋಲ್ಟುಗಳಿಗೆ ಕಂಪನಿ ಹೇಳಿದ ಟಾರ್ಕ್, ಅಂದರೆ ತಿರುಚುವ ಬಲ, ಎಷ್ಟು ಅಂತ ನೋಡಿದ್ದು. ಸಣ್ಣ ಕಾರುಗಳ ವೀಲ್ ನಟ್ಟಿಗೆ 85ರಿಂದ 110 ನ್ಯೂಟನ್ ಮೀಟರ್ ಸಾಕು. ಮುಂದಿನ ಚಕ್ರದ ನಡುವಿನ ದೊಡ್ಡ ನಟ್ಟು, ಅಂದರೆ ಡ್ರೈವ್ ಶಾಫ್ಟಿನದು, ಸಾಮಾನ್ಯವಾಗಿ 200ರ ಆಸುಪಾಸು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಇದು ಹೊಸ ಬೋಲ್ಟಿನ ಲೆಕ್ಕ. ತುಕ್ಕು ಹಿಡಿದ ಮೇಲೆ ಅದೇ ಬೋಲ್ಟು ಬಿಚ್ಚಲು ಎರಡು ಪಟ್ಟು, ಕೆಲವೊಮ್ಮೆ ಅದಕ್ಕಿಂತ ಜಾಸ್ತಿ ಕೇಳುತ್ತದೆ. ಗನ್ನಿನಲ್ಲೇ (ಇಂಪ್ಯಾಕ್ಟ್ ರೆಂಚಿಗೆ ಗ್ಯಾರೇಜಿನ ಹೆಸರು) ಬಿಗಿದು ಕಳಿಸುವ ಟೈರ್ ಅಂಗಡಿಗಳೂ ಇವೆಯಲ್ಲ. ಹೆದ್ದಾರಿ ಪಕ್ಕದ ಒಂದು ಅಂಗಡಿಯಲ್ಲಿ ಹಾಗೆ ಬಿಗಿಸಿಕೊಂಡು ಬಂದ ವೀಲ್ ನಟ್ಟು, ಕಾರಿನ ಜೊತೆ ಕೊಡುವ ಎಲ್ ಸ್ಪ್ಯಾನರಿಗೆ ಜಗ್ಗಲೇ ಇಲ್ಲ. ಮಳೆಯಲ್ಲಿ ಪಂಕ್ಚರ್ ಆದಾಗ ಇದು ಗೊತ್ತಾದರೆ ಹೇಗಿರುತ್ತದೆ ಯೋಚಿಸಿ.

ಹಾಗಾದರೆ ಸ್ಪ್ಯಾನರಿಗೆ ಉದ್ದ ಪೈಪ್ ಹಾಕಿದರೆ ಸಾಲದೇ? ಅರವತ್ತು ಕೆಜಿ ತೂಕದ ಮನುಷ್ಯ ಅರ್ಧ ಮೀಟರ್ ಪೈಪಿನ ತುದಿಯಲ್ಲಿ ನಿಂತರೆ ಸುಮಾರು 300 ನ್ಯೂಟನ್ ಮೀಟರ್ ಬೀಳುತ್ತದೆ. ಕಡಿಮೆ ಏನಲ್ಲ. ವೀಲ್ ನಟ್ಟಿಗೆ ಈಗಲೂ ಪೈಪ್ ಸಾಕು. ತೊಂದರೆ ಕಾರಿನ ಕೆಳಗೆ. ಅಲ್ಲಿ ಪೈಪ್ ತಿರುಗಿಸಲು ಜಾಗ ಇಲ್ಲ, ಮಲಗಿಕೊಂಡು ಜಗ್ಗಿದರೆ ಸ್ಟ್ಯಾಂಡ್ ಮೇಲೆ ಕೂತ ಕಾರೇ ಅಲ್ಲಾಡುತ್ತದೆ. ಒಂದೇ ಸಮನೆ ತಿರುಚಿದರೆ ತುಕ್ಕು ತಿಂದ ಬೋಲ್ಟು ನಡುವೆಯೇ ಕಟ್ ಆಗುವ ಭಯವೂ ಇದೆ.

ಇಂಪ್ಯಾಕ್ಟ್ ರೆಂಚ್ ಹಾಗೆ ತಿರುಚುವುದಿಲ್ಲ. ಒಳಗೆ ಮೋಟಾರ್ ಒಂದು ಭಾರದ ಸುತ್ತಿಗೆಯನ್ನು ತಿರುಗಿಸುತ್ತದೆ. ನಟ್ಟಿನ ಮೇಲೆ ಟೋಪಿಯಂತೆ ಕೂರುವ ಸಾಕೆಟ್ಟನ್ನು ಸಿಕ್ಕಿಸುವ ಕಡ್ಡಿಯ ಹಿಂದೆ ಕಮ್ಮಾರನ ಅಡಿಗಲ್ಲಿನಂಥ ಒಂದು ತುಂಡು ಇರುತ್ತದೆ. ನಟ್ಟು ಜಗ್ಗದೆ ನಿಂತಾಗ ಸುತ್ತಿಗೆ ಸ್ಪ್ರಿಂಗನ್ನು ಒತ್ತಿಕೊಂಡು ಹಿಂದೆ ಸರಿದು, ಜಾರಿ, ವೇಗ ಹಿಡಿದು ಆ ತುಂಡಿಗೆ ಪಕ್ಕದಿಂದ ಬಡಿಯುತ್ತದೆ. ನಿಮಿಷಕ್ಕೆ ಎರಡು ಮೂರು ಸಾವಿರ ಪೆಟ್ಟು. ಪ್ರತಿ ಪೆಟ್ಟೂ ಕ್ಷಣಮಾತ್ರದ್ದಾದ್ದರಿಂದ ಕೈಗೆ ತಿರುಚಿದ ಅನುಭವ ಹೆಚ್ಚು ಆಗುವುದಿಲ್ಲ, ಥ್ರೆಡ್ಡಿನ ತುಕ್ಕು ಮಾತ್ರ ಪುಡಿಯಾಗುತ್ತಾ ಬರುತ್ತದೆ.

ಇನ್ನು ಯಾವ ಬಗೆಯದು? ಗ್ಯಾರೇಜಿನಲ್ಲಿ ಇರುವ ಗಾಳಿ ಗನ್ ಹಗುರ, ಅಗ್ಗ, ಬಾಳಿಕೆಯೂ ಚೆನ್ನಾಗಿದೆ. ಆದರೆ ಅದರ ಹಿಂದೆ ಕಂಪ್ರೆಸರ್ ಬೇಕು. ಮನೆಗೆ ತರುವ ಒಂದು ಎಚ್‌ಪಿಯ, 25 ಲೀಟರ್ ಟ್ಯಾಂಕಿನ ಕಂಪ್ರೆಸರಿಗೆ ಅರ್ಧ ಇಂಚಿನ ಗನ್ ಹಿಡಿದರೆ ಸ್ವಲ್ಪ ಹೊತ್ತಿಗೇ ಒತ್ತಡ ಇಳಿಯುತ್ತದೆ. ಆಮೇಲೆ ಟ್ಯಾಂಕ್ ತುಂಬುವ ತನಕ ಕಾಯುತ್ತಾ ಕೂರಬೇಕು. ನಮ್ಮ ಕಡೆಯ ತೇವಕ್ಕೆ ಟ್ಯಾಂಕಿನಲ್ಲಿ ನೀರೂ ಬೇಗ ಸೇರುತ್ತದೆ. ವೈರ್ ಇರುವ ಕರೆಂಟಿನ ರೆಂಚ್ ಕೆಟ್ಟದ್ದಲ್ಲ, ಬ್ಯಾಟರಿ ಹಳೆಯದಾಗುವ ಚಿಂತೆಯೂ ಇಲ್ಲ. ಒದ್ದೆ ಅಂಗಳದಲ್ಲಿ ಎಕ್ಸ್‌ಟೆನ್ಷನ್ ವೈರ್ ಎಳೆದುಕೊಂಡು ಕಾರಿನ ಅಡಿಗೆ ಹೋಗಲು ನನಗೆ ಮನಸ್ಸಾಗಲಿಲ್ಲ. ಸಿಗರೇಟ್ ಲೈಟರ್ ಸಾಕೆಟ್ಟಿಗೆ ಚುಚ್ಚುವ 12 ವೋಲ್ಟಿನದು ಡಿಕ್ಕಿಯಲ್ಲಿ ಇಟ್ಟುಕೊಳ್ಳಲು ಪರವಾಗಿಲ್ಲ, ರಿಪೇರಿಗೆ ಅಲ್ಲ. ಉಳಿದದ್ದು ಬ್ಯಾಟರಿಯದು.

ಬ್ಯಾಟರಿ ರೆಂಚುಗಳ ಡಬ್ಬಿ ಮೇಲಿನ ಅಂಕಿಗಳೇ ಒಂದು ದೊಡ್ಡ ಜಾತ್ರೆ. 48 ವೋಲ್ಟ್, 88 ವಿಎಫ್, 128 ವಿಎಫ್ ಅಂತೆಲ್ಲ ಬರೆದಿರುತ್ತದೆ. ಹಿಂದಿನ ಪಟ್ಟಿ ತಿರುಗಿಸಿ ನೋಡಿದರೆ ಬಹುಪಾಲು ಎಲ್ಲವೂ ಐದು ಸೆಲ್ಲುಗಳ ಸರಣಿ. ಒಂದು ಲಿಥಿಯಂ ಸೆಲ್ಲಿಗೆ 3.6 ವೋಲ್ಟ್, ಐದಕ್ಕೆ 18. ಪೂರ್ತಿ ಚಾರ್ಜ್ ಆದಾಗ ಒಂದಕ್ಕೆ 4.2, ಐದಕ್ಕೆ 21. ಹಾಗಾಗಿ 18, 20, 21 ಎಲ್ಲ ಒಂದೇ. ಅದಕ್ಕೂ ದೊಡ್ಡ ಅಂಕಿ ಹಾಕಿ ಒಳಗೆ ಐದೇ ಸೆಲ್ ಸರಣಿ ಇಟ್ಟವರು ಟಾರ್ಕಿನ ಅಂಕಿಯನ್ನು ಪ್ರಾಮಾಣಿಕವಾಗಿ ಬರೆದಿರುತ್ತಾರೆ ಅಂತ ನಂಬಲು ನನಗೆ ಕಾರಣ ಕಾಣಲಿಲ್ಲ. ಅಂಥವನ್ನೆಲ್ಲ ಅಲ್ಲಿಗೇ ಕೈಬಿಟ್ಟೆ.

ಟಾರ್ಕಿನಲ್ಲೂ ಎರಡು ಅಂಕಿ ಇರುತ್ತವೆ. ಬಿಗಿಯುವಾಗ ಎಷ್ಟು ಅನ್ನುವುದು ಒಂದು, ಬಿಗಿದದ್ದನ್ನು ಸಡಿಲಿಸಲು ಎಷ್ಟು ಅನ್ನುವುದು ಇನ್ನೊಂದು. ಎರಡನೆಯದು ಸಾಮಾನ್ಯವಾಗಿ ದೊಡ್ಡದು. ಉದಾಹರಣೆಗೆ ಮಕಿಟಾ ಕಂಪನಿಯ ಡಿಟಿಡಬ್ಲ್ಯೂ 300 ಮಾಡೆಲ್ಲಿಗೆ ಬಿಗಿಯುವ ಅಂಕಿ 330, ಸಡಿಲಿಸುವುದು 580. ಒಂದು ಕಂಪನಿಯ ಮೊದಲ ಅಂಕಿಯನ್ನು ಇನ್ನೊಂದರ ಎರಡನೆಯದಕ್ಕೆ ಹೋಲಿಸಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಅಂಗಡಿಯವರು ಹೇಳುವುದು ಯಾವುದು ಅಂತ ಕೇಳಲೇಬೇಕು.

ಬೆಂಗಳೂರಿಗೆ ಹೋದಾಗ ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಿದೆ. "ಸಾರ್, ಇದು ಸಾವಿರ ನ್ಯೂಟನ್, ಲಾರಿ ಟೈರೂ ಬಿಚ್ಚುತ್ತೆ" ಅಂತ ಒಬ್ಬರು ದೊಡ್ಡದನ್ನೇ ಮುಂದಿಟ್ಟರು. "ಲಾರಿ ಇಲ್ಲ ಅಣ್ಣ, ಸ್ವಿಫ್ಟ್ ಇರೋದು" ಅಂದೆ. ಅಂಥದ್ದು ಬ್ಯಾಟರಿ ಸೇರಿ ಮೂರು ಕೆಜಿ ದಾಟುತ್ತದೆ. ನಿಂತು ಹಿಡಿದಾಗ ಭಾರ ಗೊತ್ತಾಗುವುದಿಲ್ಲ. ಅಲ್ಲೇ ಅಂಗಡಿಯಲ್ಲಿ ಕುಕ್ಕರಗಾಲಲ್ಲಿ ಕೂತು ತೋಳು ಮುಂದೆ ಚಾಚಿ ಹಿಡಿದೆ, ಒಂದು ನಿಮಿಷದಲ್ಲಿ ಮಣಿಕಟ್ಟು ಸೋತಿತು. ತೂಕದಷ್ಟೇ ಮುಖ್ಯ ಮಿಷಿನ್ನಿನ ಉದ್ದ. ಮುಂದಿನ ಸ್ಟ್ರಟ್ಟಿನ (ಶಾಕ್ ಅಬ್ಸಾರ್ಬರ್ ಇರುವ ಕಂಬದ) ಕೆಳಗಿನ ಎರಡು ಬೋಲ್ಟುಗಳ ಹತ್ತಿರ, ಸಾಕೆಟ್ ಹಾಕಿದ ಮೇಲೂ ಗನ್ ಒಳಗೆ ಹೋಗಬೇಕು. ಎಷ್ಟು ಜಾಗ ಇದೆ ಅಂತ ಟೇಪಿನಲ್ಲಿ ಅಳೆದುಕೊಂಡೇ ಹೋಗಿದ್ದೆ.

ಕೊನೆಗೆ ತಂದದ್ದು ಮಧ್ಯಮ ಗಾತ್ರದ್ದು: 18 ವೋಲ್ಟ್, ಬ್ರಶ್‌ಲೆಸ್ (ಸವೆಯುವ ಕಾರ್ಬನ್ ಬ್ರಶ್ ಇಲ್ಲದ) ಮೋಟಾರ್, ಸಾಕೆಟ್ ಸಿಕ್ಕಿಸಲು ಅರ್ಧ ಇಂಚಿನ ಚೌಕ. ಸಡಿಲಿಸುವ ಟಾರ್ಕ್ 500ಕ್ಕಿಂತ ಮೇಲೆ, ತೂಕ ಎರಡು ಕೆಜಿ ಚಿಲ್ಲರೆ. ಮನೆಯಲ್ಲಿದ್ದ ಡ್ರಿಲ್ಲಿನ ಕಂಪನಿಯದೇ ತೆಗೆದುಕೊಂಡದ್ದರಿಂದ ಬ್ಯಾಟರಿ, ಚಾರ್ಜರಿನ ದುಡ್ಡು ಉಳಿಯಿತು. ಇದು ಸಣ್ಣ ಮೊತ್ತ ಅಲ್ಲ. ಹೊಸದಾಗಿ ಶುರು ಮಾಡುವವರು ಮಿಷಿನ್ನಿಗಿಂತ ಮೊದಲು ಯಾವ ಬ್ಯಾಟರಿ ಕುಟುಂಬಕ್ಕೆ ಸೇರುತ್ತೀರಿ ಅಂತ ಯೋಚಿಸುವುದು ಒಳ್ಳೆಯದು. ಇದರಲ್ಲಿ ನಾನು ಅತಿ ಹೆಚ್ಚು ಬಳಸುವ ಸೌಕರ್ಯವೆಂದರೆ ಬಿಚ್ಚುವ ದಿಕ್ಕಿನಲ್ಲಿ ನಟ್ಟು ಸಡಿಲವಾದ ಕೂಡಲೇ ತಾನೇ ನಿಲ್ಲುವ ಮೋಡ್. ನಟ್ಟು ಹಾರಿ ಚರಂಡಿ ಸೇರುವುದಿಲ್ಲ.

ಸಾಕೆಟ್ಟಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಕೈ ರ‍್ಯಾಚೆಟ್ಟಿಗೆ ಹಾಕುವ ಹೊಳೆಯುವ ಕ್ರೋಮ್ ಸಾಕೆಟ್ ಗಟ್ಟಿ ಹೌದು, ಪೆಟ್ಟಿಗೆ ಸೀಳುತ್ತದೆ. ಚೂರು ಕಣ್ಣಿಗೆ ಬಿದ್ದರೆ ಮುಗಿಯಿತು. ಕ್ರೋಮ್ ಮಾಲಿಬ್ಡಿನಂನ ಕಪ್ಪು ಇಂಪ್ಯಾಕ್ಟ್ ಸಾಕೆಟ್ಟನ್ನೇ ತರಬೇಕು. ಇಡೀ ಸೆಟ್ ಬೇಕಾಗಿಲ್ಲ. ಸ್ವಿಫ್ಟಿನ ವೀಲ್ ನಟ್ಟಿಗೆ 19 ಎಂಎಂ, ಐ10ಕ್ಕೆ 21, ಕೆಳಗಿನ ಕೆಲಸಕ್ಕೆ 14 ಮತ್ತು 17. ಅಲಾಯ್ ವೀಲ್ ಇದ್ದರೆ ಹೊರಗೆ ಪ್ಲಾಸ್ಟಿಕ್ ತೋಳು ಇರುವ ತೆಳು ಸಾಕೆಟ್ ಸಿಗುತ್ತದೆ. ಗನ್ನಿಗೂ ಸಾಕೆಟ್ಟಿಗೂ ನಡುವೆ ಹಾಕುವ ಉದ್ದ ಎಕ್ಸ್‌ಟೆನ್ಷನ್ ರಾಡನ್ನು ಆದಷ್ಟು ದೂರ ಇಡಿ. ರಾಡ್ ತಾನೇ ಕೊಂಚ ತಿರುಚಿಕೊಂಡು ಪೆಟ್ಟಿನ ಒಂದು ಪಾಲನ್ನು ನುಂಗುತ್ತದೆ. ಮಿಷಿನ್ನಿಗೆ ಶಕ್ತಿ ಇಲ್ಲ ಅಂತ ಬೈಯುವ ಎಷ್ಟೋ ಕಡೆ ಕಾರಣ ಇದೇ.

ಸದ್ದು ನೂರು ಡೆಸಿಬೆಲ್ಲಿನ ಹತ್ತಿರ ಹೋಗುತ್ತದೆ. ಕಿವಿಗೆ ಪ್ಲಗ್, ಕಣ್ಣಿಗೆ ಕನ್ನಡಕ ಹಾಕಿಯೇ ಟ್ರಿಗರ್ ಒತ್ತುತ್ತೇನೆ. ಪಕ್ಕದ ಮನೆಯವರ ಮಧ್ಯಾಹ್ನದ ನಿದ್ದೆಯನ್ನೂ ಲೆಕ್ಕಕ್ಕೆ ಹಿಡಿಯಬೇಕಾಗುತ್ತದೆ.

ಚಕ್ರ ಹಾಕುವಾಗ ನಟ್ಟನ್ನು ಮೊದಲು ಬೆರಳಲ್ಲೇ ನಾಲ್ಕು ಸುತ್ತು ಹತ್ತಿಸಿ, ಕಾರು ಇಳಿಸಿದ ಮೇಲೆ ಎದುರುಬದುರಾಗಿ ಟಾರ್ಕ್ ರೆಂಚಿನಲ್ಲಿ (ಎಷ್ಟು ಟಾರ್ಕ್ ಬಿತ್ತು ಅಂತ ತೋರಿಸುವ ಕೈ ಸ್ಪ್ಯಾನರ್) ಬಿಗಿಯುತ್ತೇನೆ. ಎಂಜಿನ್ ಆಯಿಲ್ ಬಿಡುವ ಬೋಲ್ಟು, ಸ್ಪಾರ್ಕ್ ಪ್ಲಗ್, ಅಲ್ಯೂಮಿನಿಯಂಗೆ ಹೋಗುವ ಯಾವುದೇ ಥ್ರೆಡ್ ಇವುಗಳ ಹತ್ತಿರ ಗನ್ ತರುವುದೇ ಇಲ್ಲ.

ಸ್ಟ್ರಟ್ ಬೋಲ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟು, ಬೆಳಿಗ್ಗೆ ಗನ್ ಹಿಡಿದರೆ ಐದಾರು ಸೆಕೆಂಡಿನಲ್ಲಿ ಬರುತ್ತವೆ. ಬರದೇ ಇದ್ದದ್ದು ಸ್ವಿಫ್ಟಿನ ಲೋವರ್ ಆರ್ಮಿನ (ಚಕ್ರವನ್ನು ಕೆಳಗಿನಿಂದ ಹಿಡಿಯುವ ತೋಳು) ಒಂದು ಬೋಲ್ಟು. ಅದರ ಥ್ರೆಡ್ ಸಡಿಲವಾಗಿತ್ತು. ಆದರೆ ಬೋಲ್ಟಿನ ನಡುಭಾಗ ರಬ್ಬರ್ ಬುಶ್ಶಿನ ಒಳಗಿನ ಕಬ್ಬಿಣದ ಕೊಳವೆಗೆ ತುಕ್ಕಿನಿಂದ ಅಂಟಿಕೊಂಡಿತ್ತು. ಬಡಿದಷ್ಟೂ ಸುತ್ತಲಿನ ರಬ್ಬರ್ ಪೆಟ್ಟನ್ನು ನುಂಗಿಕೊಂಡು ವಾಪಸ್ ತಳ್ಳುತ್ತಿತ್ತು. ಅಲ್ಲಿ ಸಾವಿರ ನ್ಯೂಟನ್ನಿನದು ಇದ್ದಿದ್ದರೆ ಆಗುತ್ತಿತ್ತಾ? ಪರಿಚಯದ ಗ್ಯಾರೇಜಿಗೆ ಒಯ್ದಾಗ ಅವರ ದೊಡ್ಡ ಗಾಳಿ ಗನ್ನಿಗೂ ಅದು ಬರಲಿಲ್ಲ. ಕಟರ್ ಹಾಕಿ ಎರಡೂ ಬದಿ ಕತ್ತರಿಸಿ, ಆರ್ಮ್ ಸಮೇತ ತೆಗೆದರು.